ತಂಬಾಕು ನೀತಿಯ ಚರ್ಚೆ: ಎರಡೂ ಕಡೆಗೆ ಸಮಾನ ಸಮಯ ಕೊಡಬೇಕೇ?

ಪ್ರೌಢಶಾಲಾ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಹತ್ತನೆಯ ತರಗತಿಯ ಮಕ್ಕಳಿಗಾಗಿ ಚರ್ಚಾಸ್ಪರ್ಧೆ ಇಟ್ಟುಕೊಂಡಿದ್ದೇವೆ. ವಿಷಯ, ಧೂಮಪಾನ ನಿಯಂತ್ರಣ ನೀತಿ. ಒಂದು ತಂಡ ಸಾರ್ವಜನಿಕ ಆರೋಗ್ಯ ತಜ್ಞರ ಪರ, ಇನ್ನೊಂದು ಸಿಗರೇಟು ಕಂಪನಿಗಳ ಪರ. ತಲಾ ಎಂಟು ನಿಮಿಷ. ಕಂಪನಿಗಳ ಪರ ಮಾತನಾಡಬೇಕಾದ ಹುಡುಗಿ ಹಳೆಯ ಹೇಳಿಕೆಗಳನ್ನೆಲ್ಲ ಓದಿಕೊಂಡು ನಿನ್ನೆ ನನ್ನ ಮೇಜಿನ ಬಳಿ ಬಂದಳು. ಕೈಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದ ಎರಡು ಹಾಳೆ. "ಮಿಸ್, ಇದನ್ನು ಹೇಳಿದವರೇ ಇದನ್ನು ನಂಬಿರಲಿಲ್ಲ. ನಾನು ನಂಬಿದಂತೆ ವಾದಿಸಬೇಕೇ?" ಎಂದು ಕೇಳಿದಳು.

ನನಗೆ ಉತ್ತರ ಹೊಳೆಯಲಿಲ್ಲ. ಎರಡೂ ಕಡೆಯವರ ಮಾತು ಕೇಳಿಸಿಕೊಳ್ಳುವುದನ್ನು ಮಕ್ಕಳು ಕಲಿಯಲಿ ಎಂದೇ ನಾನು ಇಂಥ ಸ್ಪರ್ಧೆ ನಡೆಸುವುದು. ಈ ವಿಷಯದಲ್ಲಿ ಎರಡು ಕಡೆ ನಿಜಕ್ಕೂ ಇವೆಯೇ? ಬಲ್ಲವರು ಹೇಳಿ.

ವಾದಪ್ರಿಯ

ಖಂಡಿತ ಇವೆ, ಸಮಾನ ಸಮಯವನ್ನೂ ಕೊಡಬೇಕು. ಸಿಗರೇಟು ಕಾನೂನುಬದ್ಧ ಸರಕು. ಸರ್ಕಾರಗಳು ಅದರಿಂದ ತೆರಿಗೆ ಎತ್ತುತ್ತವೆ. ಹಾನಿ ಗೊತ್ತಿದ್ದೂ ಸೇದುವ ವಯಸ್ಕನನ್ನು ತಡೆಯುವ ಅಧಿಕಾರ ಯಾರಿಗಿದೆ, ಎಷ್ಟಿದೆ ಎಂಬುದು ಗಂಭೀರ ಪ್ರಶ್ನೆ. ತಜ್ಞರು ಹೇಳಿದ್ದೆಲ್ಲ ವೇದವಾಕ್ಯ ಎಂದು ಮಕ್ಕಳಿಗೆ ಕಲಿಸಿದರೆ ಅವರು ನಾಳೆ ಯಾವ ಅಧಿಕಾರವನ್ನೂ ಪ್ರಶ್ನಿಸಲಾರರು. ನನ್ನ ಭಯ ಅದು.

ಗಣಿತದ ಮೇಷ್ಟ್ರು

ವಾದಪ್ರಿಯರೇ, ನಿಮ್ಮ ಭಯವನ್ನು ಒಪ್ಪುತ್ತೇನೆ. ಆದರೆ ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ತೊಡರಿಕೊಂಡಿವೆ. ಹೊಗೆ ಕ್ಯಾನ್ಸರ್ ತರುತ್ತದೆಯೇ ಎಂಬುದು ಒಂದು. ತರುತ್ತದೆ ಎಂದಾದ ಮೇಲೆ ಸರ್ಕಾರ ಏನು ಮಾಡಬೇಕು ಎಂಬುದು ಇನ್ನೊಂದು. ನೀವು ಕೇಳುತ್ತಿರುವುದು ಎರಡನೆಯದನ್ನು. ಕಂಪನಿಗಳು ನಾಲ್ಕೈದು ದಶಕ ಕಾಲ ಜನರನ್ನು ಮೊದಲನೆಯದರಲ್ಲೇ ಕಟ್ಟಿಹಾಕಿದವು.

ಆ ಮೊದಲನೆಯ ಪ್ರಶ್ನೆಯಲ್ಲೂ ಒಂದು ಕಾಲಕ್ಕೆ ನಿಜವಾದ ವಾದವಿತ್ತು. 1950ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಒಂದು ಲೆಕ್ಕ ಮುಂದಿಟ್ಟರು. ಶ್ವಾಸಕೋಶದ ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ ಸೇದದವರು ಇಬ್ಬರೇ ಇಬ್ಬರು. ಬೇರೆ ಕಾಯಿಲೆಗಾಗಿ ಆಸ್ಪತ್ರೆಗೆ ಬಂದಿದ್ದ ಅಷ್ಟೇ ಮಂದಿಯಲ್ಲಿ ಸೇದದವರು 27. ಈ ಅಧ್ಯಯನ ನಡೆಯುತ್ತಿದ್ದಾಗಲೇ ಡಾಲ್ ಸ್ವತಃ ಸಿಗರೇಟು ಬಿಟ್ಟರು. ಇದನ್ನು ಒಪ್ಪದೆ ಎದ್ದು ನಿಂತವರು ಸಾಮಾನ್ಯರಲ್ಲ, ಆಧುನಿಕ ಸಂಖ್ಯಾಶಾಸ್ತ್ರಕ್ಕೆ ಅಡಿಪಾಯ ಹಾಕಿದ ರೊನಾಲ್ಡ್ ಫಿಷರ್. ಸೇದುವ ಚಟವನ್ನೂ ಕ್ಯಾನ್ಸರನ್ನೂ ಒಟ್ಟಿಗೆ ತರುವ ಹುಟ್ಟುಗುಣವೊಂದು ಇರಬಹುದಲ್ಲವೇ ಎಂದು ಅವರು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಅವರು ಪೈಪ್ ಸೇದುತ್ತಿದ್ದರು, ತಂಬಾಕು ತಯಾರಕರ ಸಮಿತಿಗೆ ಸಲಹೆಗಾರರೂ ಆಗಿದ್ದರು ಎಂಬ ಮಾತ್ರಕ್ಕೆ ಪ್ರಶ್ನೆ ಸುಳ್ಳಾಗುವುದಿಲ್ಲ.

ಅದಕ್ಕೆ ಉತ್ತರ ಸಿಕ್ಕ ಬಗೆ ನನಗೆ ಇಂದಿಗೂ ರೋಮಾಂಚನ ತರುತ್ತದೆ. 1959ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಸಂಗಡಿಗರು ಹೀಗೆ ಲೆಕ್ಕ ಹಾಕಿದರು: ಸೇದುವವರಲ್ಲಿ ಕಾಯಿಲೆ ಒಂಬತ್ತು ಪಟ್ಟು ಹೆಚ್ಚಿದೆ, ಇದಕ್ಕೆಲ್ಲ ಆ ಹುಟ್ಟುಗುಣವೇ ಕಾರಣವಾಗಿದ್ದರೆ ಅದು ಸೇದುವವರಲ್ಲಿ ಕನಿಷ್ಠ ಒಂಬತ್ತು ಪಟ್ಟು ಹೆಚ್ಚಾಗಿ ಇರಬೇಕು. ಅಂಥ ಗುಣವಿದ್ದರೆ ತೋರಿಸಿ. ಯಾರೂ ತೋರಿಸಲಿಲ್ಲ. ಕಪ್ಪುಹಲಗೆಯ ಮೇಲೆ ನಾಲ್ಕು ಸಾಲಿನಲ್ಲಿ ಬರೆಯಬಹುದಾದ ತರ್ಕ. ಪ್ರಾಮಾಣಿಕ ಸಂಶಯಕ್ಕೆ ಒಂದು ಗುರುತಿದೆ: ತನಗೆ ಯಾವ ಪುರಾವೆ ಸಾಕು ಎಂದು ಅದು ಮೊದಲೇ ಹೇಳಿಬಿಡುತ್ತದೆ, ಪುರಾವೆ ಬಂದ ದಿನ ಕೈಬಿಡುತ್ತದೆ.

ಶ್ವಾಸಕೋಶ ವೈದ್ಯ

ಮೇಷ್ಟ್ರು ನಿಲ್ಲಿಸಿದಲ್ಲಿಂದ ಮುಂದುವರಿಸುತ್ತೇನೆ. ಒಂದು ವಾಕ್ಯ ಮುಗಿಸಲು ಮೂರು ಬಾರಿ ಉಸಿರೆಳೆದುಕೊಳ್ಳುವವರ ಮುಂದೆ ದಿನವೂ ಕೂರುವವನು ನಾನು. ಸಮಾಧಾನದಿಂದ ಬರೆಯಲು ಕಷ್ಟವಾಗುತ್ತದೆ.

1953ರ ಡಿಸೆಂಬರಿನಲ್ಲಿ ಅಮೆರಿಕದ ದೊಡ್ಡ ಸಿಗರೇಟು ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಸೇರಿದರು. ಸಲಹೆಗೆ ಅವರು ಗೊತ್ತುಮಾಡಿಕೊಂಡದ್ದು ಹಿಲ್ ಅಂಡ್ ನೋಲ್ಟನ್ ಎಂಬ ಪ್ರಚಾರ ಸಂಸ್ಥೆಯನ್ನು. 1954ರ ಜನವರಿ 4ರಂದು ನಾನ್ನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅವರ ಜಾಹೀರಾತು ಬಂತು. ಜನರ ಆರೋಗ್ಯವೇ ನಮಗೆ ಎಲ್ಲಕ್ಕಿಂತ ಮುಖ್ಯ, ಸಂಶೋಧನೆಗೆ ನಾವೇ ಹಣ ಕೊಡುತ್ತೇವೆ, ಆರೋಗ್ಯ ಕಾಪಾಡುವವರ ಜೊತೆ ಸಹಕರಿಸುತ್ತೇವೆ ಎಂಬುದು ಅದರ ಸಾರ. ನಮ್ಮ ಸರಕು ಹಾನಿಕರವಲ್ಲ ಎಂದು ನಂಬಿದ್ದೇವೆ ಎಂದರು, ಸಂಶೋಧನೆ ನಡೆಯಲಿ ಎಂದೂ ಅಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಹಾಗೆ ಇಟ್ಟ ದೀಪ ದಶಕಗಳ ಕಾಲ ಅಲ್ಲೇ ಉರಿಯಿತು.

ಒಳಗೆ ಏನು ನಡೆಯುತ್ತಿತ್ತು ಎಂಬುದು ಅವರದೇ ಕಾಗದಗಳಿಂದ ಗೊತ್ತಾಯಿತು. 1963ರಲ್ಲಿ ಬ್ರೌನ್ ಅಂಡ್ ವಿಲಿಯಮ್ಸನ್ ಕಂಪನಿಯ ಕಾನೂನು ಮುಖ್ಯಸ್ಥ ಅಡಿಸನ್ ಯೀಮನ್, ನಿಕೋಟಿನ್ ಚಟ ಹಿಡಿಸುವ ವಸ್ತು, ನಾವು ಮಾರುತ್ತಿರುವುದು ಅದನ್ನೇ ಎಂಬರ್ಥದಲ್ಲಿ ಬರೆದಿಟ್ಟಿದ್ದರು. 1969ರ ಇನ್ನೊಂದು ಟಿಪ್ಪಣಿ ಇನ್ನೂ ನೇರ: ಸಂಶಯವೇ ನಮ್ಮ ಸರಕು. ಇಷ್ಟಾದ ಮೇಲೂ 1994ರ ಏಪ್ರಿಲಿನಲ್ಲಿ ಏಳು ಕಂಪನಿಗಳ ಮುಖ್ಯಸ್ಥರು ಅಮೆರಿಕದ ಸಂಸತ್ತಿನ ಉಪಸಮಿತಿಯ ಮುಂದೆ ಬಲಗೈ ಎತ್ತಿ ಪ್ರಮಾಣ ಮಾಡಿ, ನಿಕೋಟಿನ್ ಚಟ ಹಿಡಿಸುವುದಿಲ್ಲ ಎಂದೇ ನಂಬಿದ್ದೇವೆ ಎಂದರು. ಯೀಮನ್ನರ ಟಿಪ್ಪಣಿಗೆ ಆಗ ಮೂವತ್ತೊಂದು ವರ್ಷ. 2006ರಲ್ಲಿ ಅಮೆರಿಕದ ನ್ಯಾಯಾಧೀಶೆ ಗ್ಲ್ಯಾಡಿಸ್ ಕೆಸ್ಲರ್, ಕಂಪನಿಗಳು ದಶಕಗಳ ಕಾಲ ಜನರಿಗೆ ವಂಚಿಸಿದವು ಎಂದು ತೀರ್ಪು ಕೊಟ್ಟರು. ಹಾಗಾಗಿ ವಂಚನೆ ಎಂದದ್ದು ನ್ಯಾಯಾಲಯ, ಸಿಟ್ಟಿಗೆದ್ದ ವೈದ್ಯನೊಬ್ಬನಲ್ಲ.

ಮೇಡಂ, ನಿಮ್ಮ ಆ ವಿದ್ಯಾರ್ಥಿನಿಗೆ ನನ್ನ ನಮಸ್ಕಾರ ತಿಳಿಸಿ. ಏಳು ಮಂದಿ ದೊಡ್ಡವರು ಪ್ರಮಾಣ ಮಾಡುವ ಮೊದಲು ಕೇಳಿಕೊಳ್ಳಬೇಕಿದ್ದ ಪ್ರಶ್ನೆಯನ್ನು ಅವಳು ಕೇಳಿದ್ದಾಳೆ.

ಬಿಟ್ಟು ಹನ್ನೊಂದು ವರ್ಷ

ನಾನು ಇಪ್ಪತ್ತೆರಡು ವರ್ಷ ಸೇದಿದವನು. ಇಲ್ಲಿ ಯಾರೂ ಹೇಳದ ಒಂದು ವಿಷಯ ಹೇಳಬೇಕು. ನಡುವೆ ಏಳೆಂಟು ವರ್ಷ ನಾನು ಸೇದಿದ್ದು "ಲೈಟ್" ಸಿಗರೇಟು. ಎದೆ ಬಿಗಿಯುತ್ತಿದೆ, ಬಿಡಲಾಗುತ್ತಿಲ್ಲ, ಕನಿಷ್ಠ ಹಗುರವಾದದ್ದನ್ನಾದರೂ ಸೇದೋಣ ಎಂಬ ಲೆಕ್ಕಾಚಾರ.

ಬಿಟ್ಟ ಮೇಲೆ ಒಂದು ದಿನ, ಹಳೆಯ ಕೋಟಿನ ಜೇಬಿನಲ್ಲಿ ಉಳಿದಿದ್ದ ಒಂದು ಸಿಗರೇಟು ಕೈಗೆ ಸಿಕ್ಕಿತು. ಫಿಲ್ಟರಿಗೆ ಸುತ್ತಿದ ಕಾಗದವನ್ನು ಬಿಡಿಸಿ ದೀಪಕ್ಕೆ ಹಿಡಿದು ನೋಡಿದೆ. ಸೂಜಿಯ ಮೊನೆಗಿಂತ ಸಣ್ಣ ತೂತುಗಳು, ಕಾಗದದ ಸುತ್ತ ಉಂಗುರದಂತೆ ಸಾಲಾಗಿದ್ದವು. ಒಳಗೆಳೆದ ಹೊಗೆಗೆ ಗಾಳಿ ಬೆರೆಸಿ ತೆಳ್ಳಗೆ ಮಾಡಲು ಇಟ್ಟ ತೂತುಗಳವು. ಅಮೆರಿಕದಲ್ಲಿ 1967ರಿಂದ ಟಾರ್, ಅಂದರೆ ಹೊಗೆಯಲ್ಲಿರುವ ಅಂಟು ಪದಾರ್ಥವನ್ನು ಅಳೆಯುತ್ತಿದ್ದದ್ದು ಒಂದು ಯಂತ್ರ. ನಿಮಿಷಕ್ಕೊಮ್ಮೆ, ಎರಡು ಸೆಕೆಂಡು, 35 ಮಿಲಿಲೀಟರ್ ಹೊಗೆ ಎಳೆಯುತ್ತಿತ್ತು. ಯಂತ್ರಕ್ಕೆ ಬೆರಳಿಲ್ಲ, ತುಟಿಯಿಲ್ಲ, ಚಟವೂ ಇಲ್ಲ. ನನಗೆ ಮೂರೂ ಇದ್ದವು. ನನ್ನ ಎರಡು ಬೆರಳು ಕೂರುತ್ತಿದ್ದದ್ದು ಸರಿಯಾಗಿ ಆ ಉಂಗುರದ ಮೇಲೆ. ತೂತು ಮುಚ್ಚುತ್ತಿತ್ತು. ಮುಚ್ಚದಿದ್ದರೆ ನಿಕೋಟಿನ್ ಸಾಲದೆ ಇನ್ನೂ ಜೋರಾಗಿ, ಇನ್ನೂ ಆಳಕ್ಕೆ ಎಳೆಯುತ್ತಿದ್ದೆ. ಪೊಟ್ಟಣದ ಮೇಲಿನ ಸಂಖ್ಯೆ ಯಂತ್ರದ್ದು, ನನ್ನ ಎದೆಯದಲ್ಲ.

ದುಡ್ಡು ಹೋದದ್ದಕ್ಕೆ ನನಗೆ ದುಃಖವಿಲ್ಲ. ಬಿಡಬೇಕೆಂಬ ಮನಸ್ಸು ಬಂದ ಹೊತ್ತಿನಲ್ಲಿ ನನ್ನ ಕೈಗೆ "ಲೈಟ್" ಎಂಬ ಪದ ಕೊಟ್ಟು ಏಳೆಂಟು ವರ್ಷ ಕೂರಿಸಿದರಲ್ಲ, ಆ ವರ್ಷಗಳಿಗಾಗಿ ಸಂಕಟವಾಗುತ್ತದೆ.

ಕಾನೂನು ವಿದ್ಯಾರ್ಥಿ

ನೀವು ಹೇಳಿದ ಆ ಪದವನ್ನು ಐರೋಪ್ಯ ಒಕ್ಕೂಟ 2003ರಲ್ಲಿ, ಅಮೆರಿಕ 2010ರಲ್ಲಿ ನಿಷೇಧಿಸಿದವು ಸರ್. ಆಗ ಪದದ ಜಾಗಕ್ಕೆ ಬಣ್ಣ ಬಂತು. ಬಂಗಾರದ ಬಣ್ಣ, ಬೆಳ್ಳಿಯ ಬಣ್ಣ. ಸೇದುವವರಿಗೆ ಸಂದೇಶ ಹಾಗೆಯೇ ತಲುಪಿತು.

ಇದನ್ನು ತಡೆಯಲು ಹೊರಟದ್ದು ಸುಮಾರು 35 ಲಕ್ಷ ಜನಸಂಖ್ಯೆಯ ಉರುಗ್ವೆ. ಒಂದು ಹೆಸರಿನಲ್ಲಿ ಒಂದೇ ಬಗೆಯ ಸಿಗರೇಟು ಮಾರಬೇಕು, ಪೊಟ್ಟಣದ ಶೇಕಡಾ 80 ಭಾಗ ಎಚ್ಚರಿಕೆಗೆ ಮೀಸಲಿರಬೇಕು ಎಂದು ನಿಯಮ ಮಾಡಿತು. ಅಲ್ಲಿನ ಆಗಿನ ಅಧ್ಯಕ್ಷ ತಬಾರೆ ವಾಸ್ಕೆಸ್ ವೃತ್ತಿಯಿಂದ ಕ್ಯಾನ್ಸರ್ ವೈದ್ಯರಾಗಿದ್ದರು. 2010ರಲ್ಲಿ ಸಿಗರೇಟು ಕಂಪನಿ ಫಿಲಿಪ್ ಮಾರಿಸ್ ಆ ದೇಶವನ್ನು ಹೂಡಿಕೆ ಒಪ್ಪಂದದ ಆಧಾರದ ಮೇಲೆ ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಎಳೆಯಿತು. ಆರು ವರ್ಷದ ನಂತರ, 2016ರ ಜುಲೈಯಲ್ಲಿ ಉರುಗ್ವೆ ಗೆದ್ದಿತು. ಅದರ ಖರ್ಚಿಗೆ 70 ಲಕ್ಷ ಡಾಲರ್ ಕೊಡುವಂತೆ ಕಂಪನಿಗೆ ಆದೇಶವಾಯಿತು. ಕಂಪನಿಯ ಬಣ್ಣ, ಲಾಂಛನಗಳಿಲ್ಲದ ಸಾದಾ ಪೊಟ್ಟಣ ತಂದ ಆಸ್ಟ್ರೇಲಿಯಾದ ಮೇಲೂ ಇದೇ ಕಂಪನಿಯ ಏಷ್ಯಾ ಶಾಖೆ ದಾವೆ ಹೂಡಿತ್ತು. ಅದು 2015ರಲ್ಲಿ ಬಿದ್ದುಹೋಯಿತು.

ಗೆದ್ದರಲ್ಲ, ಇನ್ನೇನು ಎನ್ನಬೇಡಿ. ಆರು ವರ್ಷ ವಕೀಲರಿಗೆ ಹಣ ಸುರಿಯಲಾಗದ ಸಣ್ಣ ದೇಶವೊಂದು ದಾವೆಯ ಸುದ್ದಿ ಕೇಳಿಯೇ ಕಾನೂನನ್ನು ಕಪಾಟಿನಲ್ಲಿ ಇಟ್ಟುಬಿಡಬಹುದು. ಹಾಗೆ ಹೆದರಿ ಸುಮ್ಮನಾದವರ ಲೆಕ್ಕ ಯಾವ ತೀರ್ಪಿನಲ್ಲೂ ಬರುವುದಿಲ್ಲ.

ವಾದಪ್ರಿಯ

ಹಳೆಯ ಸುಳ್ಳುಗಳ ಬಗ್ಗೆ ನನ್ನ ತಕರಾರಿಲ್ಲ, ವೈದ್ಯರ ಮಾತು ಓದಿ ಮನಸ್ಸು ಭಾರವಾಯಿತು. ಆದರೆ ತೆರಿಗೆಯ ವಿಷಯ? ತೆರಿಗೆ ಏರಿದಂತೆಲ್ಲ ಕಳ್ಳಸಾಗಣೆ ಹೆಚ್ಚುತ್ತದೆ ಎಂಬ ಉದ್ಯಮದ ಮಾತಿನಲ್ಲಿ ಹುರುಳಿಲ್ಲವೇ?

ತೆರಿಗೆ ಇಲಾಖೆಯಿಂದ ನಿವೃತ್ತ

ಸ್ವಲ್ಪ ಹುರುಳಿದೆ. ಅಕ್ಕಪಕ್ಕದ ಎರಡು ಕಡೆ ದರದಲ್ಲಿ ಭಾರಿ ಅಂತರವಿದ್ದರೆ ಸರಕು ಗಡಿ ದಾಟುತ್ತದೆ, ನನ್ನ ಕೆಲಸದಲ್ಲೇ ಕಂಡಿದ್ದೇನೆ. ಆದರೆ ಸರಕನ್ನು ಗಡಿ ದಾಟಿಸಿದವರು ಯಾರು ಎಂದೂ ಕೇಳಬೇಕಲ್ಲ. ಕೆನಡಾದ ಕಥೆ ನೋಡಿ. ಕಳ್ಳಸಾಗಣೆ ಮಿತಿಮೀರಿದೆ ಎಂಬ ಕೂಗಿಗೆ ಮಣಿದು 1994ರಲ್ಲಿ ಅಲ್ಲಿನ ಸರ್ಕಾರ ಸಿಗರೇಟಿನ ತೆರಿಗೆ ಇಳಿಸಿತು. 2008ರಲ್ಲಿ ಅದೇ ದೇಶದ ಎರಡು ದೊಡ್ಡ ಸಿಗರೇಟು ಕಂಪನಿಗಳು ಆ ಕಾಲದ ಕಳ್ಳಸಾಗಣೆಗೆ ಸಂಬಂಧಿಸಿದ ಆರೋಪವನ್ನು ಒಪ್ಪಿಕೊಂಡು, ದಂಡ ಮತ್ತು ಪರಿಹಾರ ಸೇರಿ 100 ಕೋಟಿ ಡಾಲರಿಗೂ ಹೆಚ್ಚು ಕಟ್ಟಲು ಒಪ್ಪಿದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಇನ್ನು ತೆರಿಗೆಯಿಂದ ಬಳಕೆ ಇಳಿಯುತ್ತದೆಯೇ ಎಂಬುದರಲ್ಲಿ ಅರ್ಥಶಾಸ್ತ್ರಜ್ಞರಿಗೆ ಹೆಚ್ಚಿನ ಜಗಳವಿಲ್ಲ. ಬೆಲೆ ಶೇಕಡಾ 10 ಏರಿದರೆ ಶ್ರೀಮಂತ ದೇಶಗಳಲ್ಲಿ ಬಳಕೆ ಸುಮಾರು ಶೇಕಡಾ 4, ಉಳಿದ ದೇಶಗಳಲ್ಲಿ ಸುಮಾರು ಶೇಕಡಾ 5 ಇಳಿಯುತ್ತದೆ. ಮೊದಲು ಹಿಂದೆ ಸರಿಯುವವರು ಎಳೆಯರು, ಜೇಬಿನಲ್ಲಿ ಹಣ ಕಡಿಮೆ ಇರುವವರು. ತೆರಿಗೆಯ ಹೊರೆ ಬಡವರ ಮೇಲೆ ಬೀಳುತ್ತದೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಬಿಡಲಾಗದೆ ಉಳಿದ ಬಡವನಿಗೆ ಬಿಡುವ ನೆರವನ್ನು ಅದೇ ತೆರಿಗೆಯ ಹಣದಿಂದ ಕೊಡಬೇಕು. ಎಷ್ಟೋ ಸರ್ಕಾರಗಳು ವಸೂಲಿಯನ್ನಷ್ಟೇ ನೆನಪಿಟ್ಟುಕೊಂಡು ನೆರವನ್ನು ಮರೆತಿವೆ. ಇಲ್ಲಿ ತಪ್ಪು ಉದ್ಯಮದ್ದಲ್ಲ, ನಮ್ಮಂಥ ಅಧಿಕಾರಿಗಳದ್ದು.

ಹೊಗೆಸೊಪ್ಪು ಬೆಳೆಗಾರ

ಇಷ್ಟು ಹೊತ್ತು ಓದುತ್ತಿದ್ದೆ. ಈ ಜಗಳದಲ್ಲಿ ಎರಡೂ ಕಡೆಯವರು ನಮ್ಮ ಹೆಸರು ಎತ್ತುತ್ತಾರೆ, ನಮ್ಮನ್ನು ಕೇಳುವವರು ಕಡಿಮೆ. ಎಚ್ಚರಿಕೆಯ ಚಿತ್ರ ದೊಡ್ಡದಾದರೆ ರೈತ ಸಾಯುತ್ತಾನೆ ಎಂದು ಕಂಪನಿಯ ಕಡೆಯವರು ಹೇಳುತ್ತಾರೆ. ಅದೇ ಕಂಪನಿಯ ಕಡೆಯವರು ಖರೀದಿಯ ದಿನ ನನ್ನ ಎಲೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ದರ್ಜೆ ಇಳಿಸುವಾಗ ರೈತನ ನೆನಪು ಯಾರಿಗೂ ಬರುವುದಿಲ್ಲ.

ಮುಂಜಾನೆ ಇಬ್ಬನಿ ಆರುವ ಮೊದಲು ಎಲೆ ಮುರಿದರೆ ಕೈಗೆ ಕಪ್ಪು ಅಂಟು ಹತ್ತುತ್ತದೆ. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದೊಳಕ್ಕೆ ಇಳಿದು ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ಒಂದು ಸಿಗರೇಟನ್ನೂ ಸೇದದ ಹೆಂಗಸರು, ಮಕ್ಕಳು ಹೊಲದಲ್ಲೇ ಕುಸಿದು ಕೂರುವುದನ್ನು ನೋಡಿದ್ದೇನೆ. ತಜ್ಞರ ಭಾಷಣಗಳಲ್ಲಿ ನಮ್ಮ ಈ ಕಾಯಿಲೆಗೆ ಎಷ್ಟು ನಿಮಿಷ ಮೀಸಲಿದೆ?

ಜಾಗತಿಕ ತಂಬಾಕು ನಿಯಂತ್ರಣ ಒಪ್ಪಂದದ 17ನೆಯ ವಿಧಿಯಲ್ಲಿ ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಒದಗಿಸಬೇಕು ಎಂದಿದೆ. 2005ರಿಂದ ಒಪ್ಪಂದ ಜಾರಿಯಲ್ಲಿದೆ. ಬೇರೆ ಬೆಳೆ ಬೆಳೆಯಿರಿ ಎಂದು ಹೇಳುವುದು ಸುಲಭ. ಹೊಗೆಸೊಪ್ಪಿಗೆ ಮುಂಗಡ ಕೊಡುವವರಿದ್ದಾರೆ, ಕೊಳ್ಳುವವರು ಗೊತ್ತಿದ್ದಾರೆ. ಬೇರೆ ಬೆಳೆಗೆ ಆ ಎರಡನ್ನೂ ಮಾಡಿಕೊಡಿ, ನಾಳೆಯೇ ಬಿಡುತ್ತೇನೆ.

ಶ್ವಾಸಕೋಶ ವೈದ್ಯ

ನಿಮ್ಮ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ನನ್ನ ಭಾಷಣಗಳಲ್ಲಿ ಒಂದು ನಿಮಿಷವೂ ಇರಲಿಲ್ಲ. ಇನ್ನು ಮುಂದೆ ಇರುತ್ತದೆ.

ಸಾರ್ವಜನಿಕ ಆರೋಗ್ಯದ ಸಂಶೋಧಕಿ

ಶಿಕ್ಷಕಿಯವರೇ, ಮಕ್ಕಳು ಕೇಳಬೇಕಾದ ಪ್ರಶ್ನೆ "ಹಣ ಕೊಟ್ಟವರು ಯಾರು?" ಎಂಬುದು. 1998ರಲ್ಲಿ ಡೆಬೋರಾ ಬಾರ್ನ್ಸ್ ಮತ್ತು ಲೀಸಾ ಬೀರೋ ಎಂಬ ಸಂಶೋಧಕಿಯರು ಪರೋಕ್ಷ ಧೂಮಪಾನದ ಬಗೆಗಿನ 106 ಸಮೀಕ್ಷಾ ಲೇಖನಗಳನ್ನು ಒಟ್ಟಿಗಿಟ್ಟು ಓದಿದರು. ಹಾನಿಯಿಲ್ಲ ಎಂದು ತೀರ್ಮಾನಿಸಿದವು ಶೇಕಡಾ 37. ಅವುಗಳಲ್ಲಿ ನಾಲ್ಕರಲ್ಲಿ ಮೂರರಷ್ಟನ್ನು ಬರೆದವರಿಗೆ ತಂಬಾಕು ಉದ್ಯಮದ ನಂಟಿತ್ತು. ಗ್ರಂಥಾಲಯದಲ್ಲಿ ಕೂತು ಪುಟ ಎಣಿಸುವವನಿಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ ಎಂದು ಕಾಣಬೇಕು, ಅದಕ್ಕಾಗಿಯೇ ಆ ಪುಟಗಳು ಹುಟ್ಟಿದ್ದವು.

ಆದರೆ ಈಗ ನನ್ನ ಕ್ಷೇತ್ರದೊಳಗೇ ನಿಜವಾದ ಭಿನ್ನಮತವೊಂದಿದೆ. ಅದನ್ನು ಮುಚ್ಚಿಟ್ಟರೆ ಮಕ್ಕಳಿಗೆ ಮೋಸ ಮಾಡಿದಂತೆ. ಅದು ಇ-ಸಿಗರೇಟಿನದು, ಅಂದರೆ ನಿಕೋಟಿನ್ ದ್ರವವನ್ನು ಬ್ಯಾಟರಿಯಿಂದ ಕಾಯಿಸಿ ಆವಿಯಾಗಿ ಎಳೆದುಕೊಳ್ಳುವ ಸಾಧನದ್ದು. 2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಅದರ ಹಾನಿ ಸಿಗರೇಟಿಗಿಂತ ಸುಮಾರು ಶೇಕಡಾ 95 ಕಡಿಮೆ ಎಂದಿತು. ಆ ಸಂಖ್ಯೆ ಬಂದದ್ದು ಹನ್ನೆರಡು ಮಂದಿ ತಜ್ಞರು ಕೂತು ಮಾಡಿದ ಅಂದಾಜಿನಿಂದ, ಅಡಿಪಾಯ ಸಡಿಲ ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಟೀಕಿಸಿತು. ಇನ್ನೊಂದೆಡೆ, ಸಿಗರೇಟು ಬಿಡಲು ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್‌ಗಳಿಗಿಂತ ಇ-ಸಿಗರೇಟು ಹೆಚ್ಚು ನೆರವಾಗುತ್ತದೆ ಎಂಬುದಕ್ಕೆ ಬಲವಾದ ಪುರಾವೆಯಿದೆ ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗುವ ಕಾಕ್ರೇನ್ ಸಂಸ್ಥೆಯ 2022ರ ಸಮೀಕ್ಷೆ ಹೇಳಿತು. ಎಂದೂ ಸೇದದ ಹದಿಹರೆಯದವರು ಅದರಿಂದಲೇ ನಿಕೋಟಿನ್ ಚಟಕ್ಕೆ ಬೀಳುತ್ತಿರುವುದೂ ನಿಜ. ಎರಡೂ ಕಡೆ ಇರುವವರು ಪ್ರಾಮಾಣಿಕ ವೈದ್ಯರು, ಪರಸ್ಪರ ಮಾತು ಬಿಡುವಷ್ಟು ಜಗಳವಾಡಿಕೊಂಡವರೂ ಇದ್ದಾರೆ.

ಈ ಬಿರುಕಿನೊಳಕ್ಕೆ ಉದ್ಯಮ ಕಾಲಿಟ್ಟಿದೆ. 2017ರಲ್ಲಿ ಫಿಲಿಪ್ ಮಾರಿಸ್ ಇಂಟರ್‌ನ್ಯಾಷನಲ್, ಹೊಗೆರಹಿತ ಜಗತ್ತಿಗಾಗಿ ಎಂದು ಸ್ಥಾಪನೆಯಾದ ಪ್ರತಿಷ್ಠಾನಕ್ಕೆ ವರ್ಷಕ್ಕೆ ಸುಮಾರು 8 ಕೋಟಿ ಡಾಲರಿನಂತೆ ಹನ್ನೆರಡು ವರ್ಷ ಕೊಡುತ್ತೇನೆಂದಿತು. ಅದರ ಚುಕ್ಕಾಣಿ ಹಿಡಿದದ್ದು ಡೆರೆಕ್ ಯಾಕ್, ಹಿಂದೆ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ತಂಬಾಕು ಒಪ್ಪಂದಕ್ಕಾಗಿ ದುಡಿದವರು. ವಿಶ್ವ ಆರೋಗ್ಯ ಸಂಸ್ಥೆ ಅದರೊಂದಿಗೆ ಕೈಜೋಡಿಸುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿತು. ನಾನು ಆ ನಿರ್ಧಾರದ ಪರ. ಹಣ ಒಳಗೆ ಬಂದರೆ ನಮ್ಮೊಳಗಿನ ಪ್ರಾಮಾಣಿಕ ಜಗಳವೂ ಜನರ ಕಣ್ಣಿಗೆ 1954ರ ಜಾಹೀರಾತಿನಂತೆಯೇ ಕಾಣತೊಡಗುತ್ತದೆ.

ಬಿಟ್ಟು ಹನ್ನೊಂದು ವರ್ಷ

ಸಂಶೋಧಕಿಯವರೇ, ನನ್ನ ತಮ್ಮ ಎಲ್ಲವನ್ನೂ ಪ್ರಯತ್ನಿಸಿ ಸೋತು, ಕೊನೆಗೆ ಇ-ಸಿಗರೇಟಿನಿಂದಲೇ ಸಿಗರೇಟು ಬಿಟ್ಟ. ಅವನಿಗೆ ನೀವು ಏನು ಹೇಳುತ್ತೀರಿ?

ಸಾರ್ವಜನಿಕ ಆರೋಗ್ಯದ ಸಂಶೋಧಕಿ

ಒಳ್ಳೆಯದಾಯಿತು ಎನ್ನುತ್ತೇನೆ, ಮನಸಾರೆ. ಮತ್ತೆ ಸಿಗರೇಟಿಗೆ ಹೋಗದಂತೆ ನೋಡಿಕೊಳ್ಳಲಿ, ಸಾಧ್ಯವಾದಾಗ ಅದನ್ನೂ ಬಿಡಲಿ. ನಿಮ್ಮ ತಮ್ಮನಿಗೆ ಸಿಕ್ಕ ನೆರವು ಹದಿನಾಲ್ಕರ ಹುಡುಗನಿಗೆ ಹಣ್ಣಿನ ಪರಿಮಳದ ಗಾಳವಾಗದಂತೆ ಕಾನೂನು ಬರೆಯುವುದು ಹೇಗೆ ಎಂದು ಯೋಚಿಸುತ್ತಾ ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ. 2018ರಲ್ಲಿ ಜೂಲ್ ಎಂಬ ಇ-ಸಿಗರೇಟು ಕಂಪನಿಯ ಶೇಕಡಾ 35 ಪಾಲಿಗೆ ಅಮೆರಿಕದ ಸಿಗರೇಟು ಕಂಪನಿ ಆಲ್ಟ್ರಿಯಾ 1,280 ಕೋಟಿ ಡಾಲರ್ ಕೊಟ್ಟಿತು. ಅಷ್ಟು ಹಣ ನಿಮ್ಮ ತಮ್ಮನಂಥ ನಲವತ್ತು ದಾಟಿದವರನ್ನಷ್ಟೇ ನಂಬಿ ಹೂಡಿದ್ದೆಂದು ನನಗೆ ಅನ್ನಿಸುವುದಿಲ್ಲ.

ವಾದಪ್ರಿಯ

ನನ್ನ ಮೊದಲ ಮಾತನ್ನು ತಿದ್ದಿಕೊಳ್ಳುತ್ತೇನೆ. ಸಮಾನ ಸಮಯವನ್ನು ಕೊಡಬೇಕಾದದ್ದು ಇಂಥ ಪ್ರಶ್ನೆಗೆ. ಇನ್ನೊಂದನ್ನೂ ಸೇರಿಸಿ: 2009ರ ಜನವರಿ 1 ಮತ್ತು ಅದರ ನಂತರ ಹುಟ್ಟಿದವರಿಗೆ ಎಂದೆಂದಿಗೂ ಸಿಗರೇಟು ಮಾರಬಾರದು ಎಂದು ನ್ಯೂಜಿಲೆಂಡ್ 2022ರಲ್ಲಿ ಕಾನೂನು ಮಾಡಿತು, ಆಮೇಲೆ ಬಂದ ಹೊಸ ಸರ್ಕಾರ 2024ರಲ್ಲಿ ಅದನ್ನು ರದ್ದುಮಾಡಿತು. ಒಂದು ದಿನದ ಅಂತರದಲ್ಲಿ ಹುಟ್ಟಿದ ಇಬ್ಬರಿಗೆ ಜೀವನಪರ್ಯಂತ ಎರಡು ಕಾನೂನು ಇರಬಹುದೇ? ನಾನು ಇರಬಾರದು ಎನ್ನುವವನು. ವೈದ್ಯರು ಇರಬೇಕು ಎನ್ನಬಹುದು. ಇದರಲ್ಲಿ ಯಾರೂ ಸುಳ್ಳು ಹೇಳಬೇಕಾಗಿಲ್ಲ.

ಶ್ವಾಸಕೋಶ ವೈದ್ಯ

ಇರಬೇಕು ಎನ್ನುತ್ತೇನೆ. ಬ್ರಿಟನ್ನಿನ ವೈದ್ಯರನ್ನು 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಸೇದುತ್ತಲೇ ಇದ್ದವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ತೀರಿಕೊಂಡಿದ್ದರು. ಹತ್ತು ವರ್ಷದ ಆಯುಸ್ಸಿನ ಮುಂದೆ ಒಂದು ದಿನದ ಅಂತರದ ಅನ್ಯಾಯ ನನಗೆ ಸಣ್ಣದಾಗಿ ಕಾಣುತ್ತದೆ. ಆದರೆ ವಾದಪ್ರಿಯರೇ, ಈ ಚರ್ಚೆಗೆ ನಾನು ಸಿದ್ಧ. ಎಂಟು ನಿಮಿಷವಲ್ಲ, ಎಂಬತ್ತು ನಿಮಿಷ ಕೂರೋಣ. ಈಗ ಸೇದುತ್ತಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಅದೇ ಅಧ್ಯಯನದಲ್ಲಿ ಅರವತ್ತಕ್ಕೆ ಬಿಟ್ಟವರು ಮೂರು ವರ್ಷ, ಐವತ್ತಕ್ಕೆ ಬಿಟ್ಟವರು ಆರು ವರ್ಷ, ನಲವತ್ತಕ್ಕೆ ಬಿಟ್ಟವರು ಒಂಬತ್ತು ವರ್ಷ ಆಯುಸ್ಸು ಗಳಿಸಿಕೊಂಡರು.

ಪ್ರೌಢಶಾಲಾ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ವಿಷಯ ಬದಲಿಸಿದ್ದೇನೆ. "ವಯಸ್ಕ ಧೂಮಪಾನಿಗಳಿಗೆ ಇ-ಸಿಗರೇಟು ಸಿಗಬೇಕೇ, ಬೇಡವೇ?" ಎರಡೂ ತಂಡಗಳು ಆರೋಗ್ಯ ತಜ್ಞರೇ. ಬೆಳೆಗಾರರ ಮಾತು ಓದಿದ ಮೇಲೆ ಮೂರನೆಯ ತಂಡವನ್ನೂ ಸೇರಿಸಿದ್ದೇನೆ, ಹೊಲದಲ್ಲಿ ದುಡಿಯುವವರ ಪರ. ಮೂರಕ್ಕೂ ತಲಾ ಎಂಟು ನಿಮಿಷ.

ಆ ಹುಡುಗಿಗೆ, ನಂಬದ್ದನ್ನು ನಂಬಿದಂತೆ ವಾದಿಸಬೇಕಾಗಿಲ್ಲ ಎಂದು ಹೇಳಿದೆ. ಅವಳೇ ಇನ್ನೊಂದು ಕೆಲಸ ಕೇಳಿ ಪಡೆದಳು. ಸ್ಪರ್ಧೆಗೆ ಮೊದಲು 1954ರ ಜಾಹೀರಾತನ್ನೂ 1963ರ ಟಿಪ್ಪಣಿಯನ್ನೂ ಕನ್ನಡಕ್ಕೆ ತಂದು, ತನ್ನ ಕಡೆಯಿಂದ ಒಂದು ಮಾತೂ ಸೇರಿಸದೆ ಒಂದಾದ ಮೇಲೊಂದು ಓದುತ್ತಾಳಂತೆ.

ಗಣಿತದ ಮೇಷ್ಟ್ರು

ತುಂಬಾ ಒಳ್ಳೆಯದು ಮೇಡಂ. ಟಿಪ್ಪಣಿ ಬರೆದವರು ವಕೀಲರು, ವಿಜ್ಞಾನಿಯಲ್ಲ ಎಂಬುದನ್ನು ಮಾತ್ರ ಅವಳು ಮೊದಲೇ ಹೇಳಲಿ. ಇಲ್ಲದಿದ್ದರೆ ಯಾರಾದರೂ ಅಲ್ಲೇ ಹಿಡಿಯುತ್ತಾರೆ. ಕಾರ್ನ್‌ಫೀಲ್ಡರ ಲೆಕ್ಕವನ್ನು ಹತ್ತನೆಯ ತರಗತಿಗೆ ತಿಳಿಯುವಂತೆ ಒಂದು ಪುಟದಲ್ಲಿ ಬರೆದು ನಾಳೆ ಸಂಜೆಯೊಳಗೆ ಇಲ್ಲಿ ಹಾಕುತ್ತೇನೆ.